ಮಗಳ ಕೈಗೂ ಕೊಡಿ



2021ರ ಜೂನ್ ತಿಂಗಳ ಒಂದು ಚಿತ್ರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸುಳ್ಯ ತಾಲ್ಲೂಕಿನ ಒಂದು ಹಳ್ಳಿ, ಸುರಿಯುವ ಮಳೆ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ತಂದೆ ಪಕ್ಕದಲ್ಲಿ ನಿಂತು ಅವಳಿಗೆ ಕೊಡೆ ಹಿಡಿದಿದ್ದಾರೆ. ಫೋನು ಕೊಟ್ಟು ತಮ್ಮ ಪಾಡಿಗೆ ಹೋಗಿಬಿಡಲಿಲ್ಲ, ಪಾಠ ನಡೆಯುವಾಗ ಜೊತೆಗಿದ್ದರು. ನನಗದು ಪೂಜೆಯಂತೆಯೇ ಕಂಡಿತು.

ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದೇ ಬೇರೆ. ಮಗ ಪಿಯುಸಿ ಸೇರಿದೊಡನೆ ಕೈಗೆ ಫೋನು ಬರುತ್ತದೆ. ರಾತ್ರಿ ಹನ್ನೆರಡಾದರೂ ಏನು ನೋಡುತ್ತಿದ್ದೀಯಪ್ಪ ಎಂದು ಕೇಳುವವರಿಲ್ಲ. ಮಗಳು ಕೇಳಿದರೆ ಮಾತ್ರ ‘ನಿನಗ್ಯಾಕೆ ಅದೆಲ್ಲ?’ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದವರು ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ 33. ಜಿಯೋ ಬಂದು ಡೇಟಾ ಅಗ್ಗವಾದದ್ದು 2016ರಲ್ಲೇ. ಈ ಅಂತರಕ್ಕೆ ಟವರನ್ನು ದೂರಿ ಫಲವಿಲ್ಲ. ಅದು ನಮ್ಮ ಹೊಸ್ತಿಲೊಳಗೇ ಇದೆ.

ಹೀಗೆ ಮಾಡಿ ಇಬ್ಬರಿಗೂ ಅನ್ಯಾಯ ಮಾಡುತ್ತೇವೆ. ಹೇಳಕೇಳುವವರಿಲ್ಲದ ಮಗ ಹಣ ಕಟ್ಟುವ ಆಟಕ್ಕೆ ಬೀಳುತ್ತಾನೆ, ಬಿತ್ತನೆ ಬೀಜಕ್ಕಿಟ್ಟ ದುಡ್ಡು ಖಾತೆಯಿಂದ ಹೋದ ಮೇಲೆ ಮನೆಯವರಿಗೆ ಗೊತ್ತಾಗುತ್ತದೆ. 2025ರಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸಿತು, ಒಳ್ಳೆಯದೇ ಆಯಿತು. ಅತ್ತ ಮಗಳು, ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಅಣ್ಣನ ದಾರಿ ಕಾಯುತ್ತ ಕೂತಿರುತ್ತಾಳೆ. ಓಟಿಪಿ ಬರುವುದು ಅವನ ಫೋನಿಗೆ!

2019ರಲ್ಲಿ ಕೇರಳದ ಒಬ್ಬ ವಿದ್ಯಾರ್ಥಿನಿ ಸಂಜೆ ಹೊತ್ತು ಫೋನು ಒಪ್ಪಿಸಲು ಒಪ್ಪದೆ ಹಾಸ್ಟೆಲಿನಿಂದ ಹೊರಬೀಳಬೇಕಾಯಿತು. ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿಗೆ ಸೇರಿದ್ದು ಎಂದು ಅಲ್ಲಿನ ಹೈಕೋರ್ಟು ಹೇಳಿ, ಅವಳನ್ನು ಮರಳಿ ಸೇರಿಸಿತು. ಇದನ್ನು ನಮಗೆ ಕೋರ್ಟು ಹೇಳಬೇಕಿತ್ತೇ? 12ನೆಯ ಶತಮಾನದ ಕಲ್ಯಾಣದಲ್ಲಿ ತಾಯಿ ಅಕ್ಕಮಹಾದೇವಿ ಅಲ್ಲಮಪ್ರಭುಗಳ ಒಂದೊಂದು ಪ್ರಶ್ನೆಗೂ ಶರಣರ ನಡುವೆ ನಿಂತು ಉತ್ತರ ಕೊಟ್ಟರು. ಆ ತಾಯಿಯ ಹೆಸರನ್ನು ಮಗಳಿಗಿಟ್ಟು, ಅವಳ ಕೈಯಿಂದ ಫೋನು ಕಸಿಯುವುದು ನಮಗೆ ಶೋಭಿಸುವುದಿಲ್ಲ.

ನಿಮ್ಮ ಅಂಜಿಕೆ ಸುಳ್ಳೆನ್ನುವುದಿಲ್ಲ. ಫೋಟೊ ತಿರುಚಿ ಹೆದರಿಸುವ ದುಷ್ಟರಿದ್ದಾರೆ. ಹಾಗಾದಾಗ ಮಗಳು ಮೊದಲು ಓಡಿ ಬರಬೇಕಾದದ್ದು ನಿಮ್ಮ ಹತ್ತಿರ. ‘ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆ’ ಎಂಬ ಭಯವಿದ್ದರೆ ಆ ಕೂಸು ಒಬ್ಬಳೇ ನವೆಯುತ್ತಾಳೆ. ಬೈಯಬೇಡಿ, ಅವಳನ್ನು ಕರೆದುಕೊಂಡು ಠಾಣೆಗೆ ನೀವೇ ಹೋಗಿ.

ಬರುವ ಸೋಮವಾರದಿಂದ ನಮ್ಮ ಮಠದ ಪ್ರಸಾದ ನಿಲಯದಲ್ಲಿ ಸಂಜೆ ಎರಡು ತಾಸು ಕಂಪ್ಯೂಟರ್, ಇಂಟರ್ನೆಟ್ ಎಲ್ಲ ಮಕ್ಕಳಿಗೂ ತೆರೆದಿರುತ್ತದೆ. ಹೆಣ್ಣುಮಕ್ಕಳನ್ನು ಧೈರ್ಯವಾಗಿ ಕಳಿಸಿಕೊಡಿ. ಗಂಡುಮಕ್ಕಳನ್ನು ಕಳಿಸುವಾಗ ನೀವೂ ಜೊತೆಗೆ ಬನ್ನಿ.