ಮುಖ ತೊಳೆದುಕೊಂಡು ಹೊರಗೆ ಬಾ

ಬೈಬಲ್ ತೆಗೆಯಿರಿ, ಮೊಬೈಲಿನಲ್ಲಾದರೂ ಪರವಾಗಿಲ್ಲ. ಆದಿಕಾಂಡ 42ನೇ ಅಧ್ಯಾಯ.

ಯೋಸೇಫನನ್ನು ಅಣ್ಣಂದಿರು 20 ಬೆಳ್ಳಿ ನಾಣ್ಯಕ್ಕೆ ಮಾರಿಬಿಟ್ಟಿದ್ದರು. 20 ವರ್ಷದ ಮೇಲೆ ಅದೇ ಅಣ್ಣಂದಿರು, ಹತ್ತು ಜನ, ಬಂದು ಅವನ ಮುಂದೆ ಅಡ್ಡಬೀಳ್ತಾರೆ. ಅವರಿಗೆ ಇವನ ಗುರುತಿಲ್ಲ. ಇವನಿಗೆ ಎಲ್ಲಾ ಗೊತ್ತು. ಐಗುಪ್ತದ ಧಾನ್ಯವೆಲ್ಲ ಇವನ ಕೈಯಲ್ಲಿದೆ. ನಿಮ್ಮನ್ನು ನೋಯಿಸಿದವನೇ ನಿಮ್ಮ ಸಹಿಗಾಗಿ ಫೈಲ್ ಹಿಡಿದು ನಿಂತ ಹಾಗೆ!

16ನೇ ವಚನ ನೋಡಿ. ಮೊದಲ ತೀರ್ಮಾನ: ಒಬ್ಬನು ಹೋಗಿ ತಮ್ಮನನ್ನು ಕರೆತರಲಿ, ಮಿಕ್ಕ ಒಂಬತ್ತು ಜನ ಸೆರೆಯಲ್ಲಿರಲಿ. ಮೂರನೇ ದಿನ ಏನು ಹೇಳ್ತಾನೆ? ಒಬ್ಬನು ಇಲ್ಲಿರಲಿ, ಒಂಬತ್ತು ಜನ ಹಸಿದ ಮನೆಯವರಿಗೆ ಧಾನ್ಯ ತಗೊಂಡು ಹೋಗಲಿ. ತೀರ್ಮಾನವೇ ತಿರುಗಿಬಿತ್ತು! ಕಾರಣ ಅವನೇ ಹೇಳ್ತಾನೆ, ತಾನು ದೇವರಿಗೆ ಭಯಪಡುವವನು ಅಂತ.

ಮೂರು ದಿನದಲ್ಲಿ ನೋವು ಹೋಯಿತಾ? ಇಲ್ಲ. 24ನೇ ವಚನದಲ್ಲಿ ಆಚೆ ಹೋಗಿ ಅಳ್ತಾನೆ. ಮುಂದಿನ ಅಧ್ಯಾಯದಲ್ಲಿ ಬೆನ್ಯಾಮೀನನನ್ನು ನೋಡಿ ಮತ್ತೆ ಒಳಕೋಣೆಗೆ ಹೋಗಿ ಅಳ್ತಾನೆ, ಮುಖ ತೊಳೆದುಕೊಂಡು ಬಂದು ಊಟ ಬಡಿಸಿ ಅಂತಾನೆ. ಕಣ್ಣೀರಿಗೆ ಒಳಕೋಣೆ ಇತ್ತು. ಧಾನ್ಯದ ಅಳತೆಗೆ ಅದು ಬರಲಿಲ್ಲ. ಆಮೆನ್ ಹೇಳಿ!

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಿಮಗೆ ಗೊತ್ತು. ರೀಲರ್ ಗೂಡು ನೋಡಿ ಬೆಲೆ ಹಾಕಬೇಕು. ಪಕ್ಕದವನ ಮೇಲಿನ ಹಠಕ್ಕೆ ಬೆಲೆ ಏರಿಸಿದರೆ, ನಷ್ಟ ಅಲ್ಲಿ ಕಾಣಲ್ಲ, ಮನೆಯಲ್ಲಿ ನೂಲು ತೆಗೆಯುವಾಗ ಕಾಣುತ್ತೆ.

ನನ್ನ ಸಾಕ್ಷಿ ಹೇಳ್ತೀನಿ. ನಾನು ವಾರವೆಲ್ಲಾ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಲೈನಿನಲ್ಲಿ ಹೊಲಿಯುವ ಒಬ್ಬ ಅಕ್ಕ ಎಲ್ಲರ ಮುಂದೆ ಕೇಳಿಬಿಟ್ಟರು: "ಭಾನುವಾರ ಪ್ರಸಂಗ, ಸೋಮವಾರ ಬೈಗುಳವಾ ಸಾರ್?" ತಿಂಗಳ ಕೊನೆಗೆ ಅವರ ರಿಪೋರ್ಟಿನಲ್ಲಿ ಬೇಕಂತಲೇ ಕಡಿಮೆ ಬರೆದೆ. ಅವರ ಪೀಸ್ ಲೆಕ್ಕ ಸರಿಯಾಗೇ ಇತ್ತು. ಇನ್ಸೆಂಟಿವ್ ಬರಲಿಲ್ಲ. ಮಗನ ಶಾಲೆ ಫೀಸಿಗೆ ಅವರು ಬಡ್ಡಿಗೆ ಸಾಲ ಮಾಡಿದರು ಅಂತ ಆಮೇಲೆ ತಿಳೀತು. ಆ ರಾತ್ರಿ ಪ್ರಾರ್ಥನೆಗೆ ಬಾಯಿ ಬರಲಿಲ್ಲ, ಬರೀ ಅತ್ತೆ. ಬೆಳಿಗ್ಗೆ ಮ್ಯಾನೇಜರ್‌ಗೆ ತಪ್ಪು ನನ್ನದು ಅಂತ ಬರೆದುಕೊಟ್ಟೆ. ದುಡ್ಡು ಮುಂದಿನ ಸಂಬಳದಲ್ಲಿ ಬಂತು, ಬಡ್ಡಿ ನಾನು ಕಟ್ಟಿದೆ. ಆದರೂ ಆ ಅಕ್ಕ ಇವತ್ತಿಗೂ ನನ್ನ ಜೊತೆ ಹೆಚ್ಚು ಮಾತಾಡಲ್ಲ. ಅದನ್ನು ನಾನು ಸಹಿಸಬೇಕು.

ಪ್ರೀತಿಗೂ ಇದೇ ಮಾತು. ನಮ್ಮ ಸಭೆಯ ಹುಡುಗ ಅಂತ ತಪ್ಪು ಮುಚ್ಚಿದರೆ ಅದೂ ಅನ್ಯಾಯವೇ; ಯಾಜಕಕಾಂಡ 19:15 ಮನೆಗೆ ಹೋಗಿ ಓದಿ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾಗುವಾಗ, ಯಾರೂ ಶಿಫಾರಸು ಕೇಳಬಾರದು ಅಂತ ನೆಂಟರಿಗೆ ಮೊದಲೇ ಹೇಳಿದ್ದರಂತೆ.

ಗೌರಿಬಿದನೂರಿನ ಫ್ಯಾಕ್ಟರಿಗೆ ಹೋಗುವವರೇ, ಚಿಂತಾಮಣಿಯಲ್ಲಿ ಅಂಗಡಿ ನೋಡಿಕೊಳ್ಳುವವರೇ, ದಿನಾ ಬೆಂಗಳೂರಿಗೆ ಓಡಾಡುವವರೇ, ಈ ವಾರ ಮನಸ್ಸು ಕುದಿಯುವಾಗ ಮೇಲ್ ಕಳಿಸಬೇಡಿ, ರಾಜೀನಾಮೆ ಬರೀಬೇಡಿ, ಯಾರ ರಿಪೋರ್ಟಿಗೂ ಸಹಿ ಹಾಕಬೇಡಿ. ಒಳಕೋಣೆಗೆ ಹೋಗಿ. ಅದು ಆಫೀಸಿನ ಬಾತ್‌ರೂಮೇ ಆಗಲಿ, ದೇವರು ಅಲ್ಲೂ ಕೇಳ್ತಾರೆ. ಅಳಿ. ಮುಖ ತೊಳೆದುಕೊಳ್ಳಿ. ಆಮೇಲೆ ಬಂದು ಕೆಲಸ ನೋಡಿ ತೀರ್ಮಾನ ಮಾಡಿ.

ತಲೆಬಾಗಿಸೋಣ. ಕರ್ತನೇ, ನಮ್ಮ ಗಾಯಕ್ಕೆ ಇನ್ನೊಬ್ಬರ ಅನ್ನ ಬಲಿಯಾಗದಂತೆ ನಮ್ಮ ಕೈ ಹಿಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.