ಇಂದಿನ ಚಿಂತನೆ: ಚೆಂಡು ಕೊಡುವವನು



ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪಾಯಿಂಟ್ ಗಾರ್ಡ್ ಎಂಬ ಸ್ಥಾನವಿದೆ. ಚೆಂಡನ್ನು ಮುಂದಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವುದು ಅವನ ಕೆಲಸ. ಅವನಿಲ್ಲದೆ ತಂಡವೇ ಇಲ್ಲ ಅನ್ನುತ್ತಾರೆ. ನಿಜವೇ?

ಯೂಟಾ ಜಾಝ್ ತಂಡದ ಜಾನ್ ಸ್ಟಾಕ್ಟನ್ 19 ಸೀಸನ್ ಇದೇ ಕೆಲಸ ಮಾಡಿದರು. ಅವರ 15,806 ಅಸಿಸ್ಟ್‌ಗಳ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಒಂದು ಮಾತು ಗಮನಿಸಿ. ಪಾಸ್ ಎಷ್ಟೇ ಚೆನ್ನಾಗಿರಲಿ, ಪಡೆದವನು ಬುಟ್ಟಿಗೆ ಹಾಕದಿದ್ದರೆ ಅದು ಅಸಿಸ್ಟ್ ಅಲ್ಲ. ಕೊಟ್ಟವನ ಲೆಕ್ಕ ಇನ್ನೊಬ್ಬನ ಕೈಯಲ್ಲಿ! ಇಷ್ಟು ಸಲ ಹಾಗೆ ಕೊಟ್ಟವರ ಬಗ್ಗೆ ನನಗೆ ಗೌರವವಿದೆ.

ಆದರೆ 1997 ಮತ್ತು 1998ರ ಫೈನಲ್‌ಗಳಲ್ಲಿ ಅವರನ್ನು ಸೋಲಿಸಿದ ಶಿಕಾಗೊ ಬುಲ್ಸ್‌ನಲ್ಲಿ ಆ ಬಗೆಯ ಪಾಯಿಂಟ್ ಗಾರ್ಡೇ ಇರಲಿಲ್ಲ. ಕೋಚ್ ಫಿಲ್ ಜಾಕ್ಸನ್ ಆಡಿಸುತ್ತಿದ್ದ 'ಟ್ರಯಾಂಗಲ್' ಪದ್ಧತಿಯಲ್ಲಿ ಐವರೂ ನೋಡಬೇಕು, ಐವರೂ ಕೊಡಬೇಕು. ಮೈಕಲ್ ಜೋರ್ಡಾನ್ ಇದ್ದರಲ್ಲ ಅನ್ನಬಹುದು. ಇದ್ದರು. 1997ರ ಕೊನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ ಅವರನ್ನು ತಡೆಯಲು ಸ್ವತಃ ಸ್ಟಾಕ್ಟನ್ ಓಡಿ ಬಂದರು. ಜೋರ್ಡಾನ್ ಚೆಂಡನ್ನು ಸ್ಟೀವ್ ಕೆರ್‌ಗೆ ಕೊಟ್ಟುಬಿಟ್ಟರು. ಕೆರ್ ಹಾಕಿದರು, ಶಿಕಾಗೊ ಗೆದ್ದಿತು.

ಹಾಗಾಗಿ ನನಗನ್ನಿಸುವುದು, ಆ ಕೆಲಸ ಬೇಕೇ ಬೇಕು. ಅದನ್ನು ಒಂದು ಸ್ಥಾನಕ್ಕೆ ಕಟ್ಟಿಹಾಕಬೇಕಿಲ್ಲ. 2023ರಲ್ಲಿ ಡೆನ್ವರ್ ನಗೆಟ್ಸ್ ಪ್ರಶಸ್ತಿ ಗೆದ್ದಾಗ ತಂಡದಲ್ಲಿ ಅತಿ ಹೆಚ್ಚು ಅಸಿಸ್ಟ್ ಕೊಟ್ಟವರು ನಿಕೊಲಾ ಯೋಕಿಚ್, ಸುಮಾರು ಏಳಡಿ ಎತ್ತರದ ಸೆಂಟರ್. ಮೈಕಟ್ಟು ನೋಡಿ ಕೆಲಸ ಹಂಚುವ ಕೋಚ್ ಆಗಿದ್ದರೆ ಅವರನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ ಸುಮ್ಮನಾಗುತ್ತಿದ್ದ.