ಹಲಗಿ ಯಾರ ಕಡೆ ನೋಡ್ತೈತಿ?

ನನ್ನ ಫೋನಿನಲ್ಲಿ ಹತ್ತೊಂಬತ್ತು ಸೆಕೆಂಡಿನ ಒಂದು ವಿಡಿಯೋ ಇದೆ. 2025ರ ಜೂನ್ 4ರ ಸಂಜೆ ನನ್ನ ಚಿಕ್ಕಪ್ಪನ ಮಗ ಕಳಿಸಿದ್ದು. ಕಳಿಸು ಅಂತ ಹೇಳಿದವನು ನಾನೇ.

ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿತ್ತು. ಹದಿನೆಂಟನೇ ಸೀಸನ್ನು, ಮೊದಲ ಕಪ್ಪು. ಆ ರಾತ್ರಿ ಬೆಂಗಳೂರಲ್ಲಿ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ. ನಮ್ಮ ಬೀದಿಯಲ್ಲಿ ಯಾರೋ ಕಾರಿನ ಡಿಕ್ಕಿ ತೆಗೆದು ಸ್ಪೀಕರ್ ಹಚ್ಚಿದ್ದರು. ಮೂರು ವರ್ಷದಲ್ಲಿ ಒಂದು ಸಲವೂ ಮಾತಾಡಿಸದ ಎದುರು ಮನೆ ಅಂಕಲ್ ಲುಂಗಿ ಎತ್ತಿ ಕಟ್ಟಿ ಕುಣಿದರು. ನಾನೂ ಕುಣಿದೆ. ಕುಣಿದದ್ದನ್ನು ರೀಲ್ ಮಾಡಿ, ಅದಕ್ಕೊಂದು ಟ್ರೆಂಡಿಂಗ್ ಹಾಡು ಕೂಡಿಸಿ, 'ನಾಳೆ ಎಲ್ಲಾರೂ ಬರ್ರಿ' ಅಂತ ಬರೆದು ಹಾಕಿದೆ. ಎಲ್ಲಿಗೆ, ಎಷ್ಟೊತ್ತಿಗೆ, ಯಾರು ಕರೆದಿದ್ದಾರೆ, ಒಂದೂ ಗೊತ್ತಿರಲಿಲ್ಲ. ಹಾಡು ಚೆನ್ನಾಗಿ ಕೂತಿತ್ತು, ಅಷ್ಟೇ.

ಮರುದಿನ ನನಗೆ ಆಫೀಸಿನಲ್ಲಿ ಬಿಡಲಾಗದ ಕೆಲಸ. ತಮ್ಮ ಕೆಲಸ ಹುಡುಕಿಕೊಂಡು ಊರಿಂದ ಬಂದು ನನ್ನ ರೂಮಿನಲ್ಲೇ ಇದ್ದ. "ನೀನರ ಹೋಗು, ವಿಡಿಯೋ ಮಾಡಿ ಕಳಸು" ಅಂದೆ. ನನ್ನ ಜೆರ್ಸಿಯನ್ನೇ ಕೊಟ್ಟೆ. ಬೆನ್ನ ಮೇಲೆ ವಿರಾಟ್, 18.

ಆ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಗೇಟುಗಳ ಹತ್ತಿರ, ನೂಕುನುಗ್ಗಲಿನಲ್ಲಿ 11 ಜನ ಸತ್ತರು. ನಮ್ಮ ಹುಡುಗ ಗೇಟಿನ ತನಕ ಹೋಗಿರಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಬಂದ. ಅಲ್ಲಿಯವರೆಗೆ ಅವನ ಫೋನ್ ಹತ್ತಿರಲಿಲ್ಲ. ಆ ಮೂರು ತಾಸು ನಾನು ಹೇಗಿದ್ದೆ ಅನ್ನೋದನ್ನು ಬರೆಯೋದಿಲ್ಲ, ಚಿಕ್ಕಮ್ಮನೂ ಇದನ್ನು ಓದಬಹುದು.

ವಿಡಿಯೋದಲ್ಲಿ ಬರೀ ಬೆನ್ನುಗಳು, ಕೆಂಪು ಜೆರ್ಸಿ, ಮೇಲೆತ್ತಿದ ಕೈಗಳು. ಯಾರದೋ ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು, ಅದರ ಮೇಲೆ ಎಲ್ಲರ ದನಿ. ಹನ್ನೆರಡನೇ ಸೆಕೆಂಡಿನ ಹೊತ್ತಿಗೆ ಒಬ್ಬ ಹೆಣ್ಣುಮಗಳ ದನಿ ಇದೆ: "ಹಿಂದೆ ಸರೀರಿ, ಹಿಂದೆ ಸರೀರಿ." ನನಗದು ಮೂರನೇ ಸಲ ನೋಡಿದಾಗ ಕೇಳಿಸಿತು. ಅಲ್ಲೇ ಪಕ್ಕದಲ್ಲಿ ನಿಂತು ವಿಡಿಯೋ ಮಾಡಿದ ತಮ್ಮನಿಗೆ ಕೇಳಿಸಿರಲೇ ಇಲ್ಲ. "ಖರೇನ ಕೇಳ್ಸಲಿಲ್ಲ ಅಣ್ಣಾ," ಅಂದ, "ಹಾಡ ಇತ್ತಲ್ಲ."

ಯಾರ ತಪ್ಪು, ಯಾರಿಗೆ ಶಿಕ್ಷೆ ಅನ್ನೋದನ್ನು ಕೋರ್ಟು ನೋಡಿಕೊಳ್ಳಲಿ. ನನ್ನ ತಲೆ ತಿನ್ನುತ್ತಿರೋದು ಅದಕ್ಕಿಂತ ಸಣ್ಣ ವಿಷಯ. ಸಾವಿರ ಜನರನ್ನು ಒಂದೇ ಮೈ ಮಾಡುವ ಶಕ್ತಿ ಹಾಡಿಗಿದೆ. ಆಟಕ್ಕೂ ಇದೆ. ಎರಡೂ ಕೂಡಿದರೆ ಕೇಳೋದೇ ಬೇಡ. ಆ ಹಾಡನ್ನು ಹಚ್ಚಿದವನು, ಹಂಚಿದವನು, ಆ ಮೈಗೆ ಏನಾದರೂ ಬಾಕಿ ಇದ್ದಾನೋ ಇಲ್ಲವೋ?

ನಮ್ಮೂರು ಮೆಣಸಗಿ. ರೋಣ ತಾಲ್ಲೂಕು, ಮಲಪ್ರಭೆಯ ದಂಡೆ. ಹೊಳೆ ಉಕ್ಕಿದಾಗ ಮಾತ್ರ ಟಿವಿಯಲ್ಲಿ ಹೆಸರು ಬರೋ ಊರುಗಳಲ್ಲಿ ಒಂದು. ನಾನು ಆಟ ಮತ್ತು ಸಂಗೀತವನ್ನು ಒಟ್ಟಿಗೆ ಮೊದಲು ಕಂಡದ್ದು ಐಪಿಎಲ್‌ನಲ್ಲಲ್ಲ, ಕುಸ್ತಿ ಕಣದಲ್ಲಿ. ಜಾತ್ರಿ ಕುಸ್ತಿ ಅಂದರೆ ಹಲಗಿ ಇರಲೇಬೇಕು. ಮಧ್ಯಾಹ್ನ ಬೆಂಕಿ ಹಾಕಿ ಹಲಗಿ ಕಾಯಿಸುತ್ತಾ ಕೂತಿರೋರು. ಚರ್ಮ ಬಿಗಿಯಾಗಿ ಟಣ್ ಅಂದಾಗಲೇ ನಾವು ಹುಡುಗರು ಅರ್ಧ ತಿಂದ ತಾಟು ಬಿಟ್ಟು ಓಡುತ್ತಿದ್ದೆವು.

ಈಗ ಯೋಚಿಸಿದರೆ, ಆ ಹಲಗಿಯ ವಿಶೇಷ ಅದರ ಸದ್ದಲ್ಲ. ಬಾರಿಸುವವರ ಕಣ್ಣು. ಪೈಲ್ವಾನರು ಕಣಕ್ಕೆ ಇಳಿದು ಮಣ್ಣು ಹಣೆಗೆ ಹಚ್ಚಿಕೊಂಡು ಕೈ ಕೊಡುವಾಗ ಪೆಟ್ಟು ನಿಧಾನ. ಹಿಡಿತ ಬಿದ್ದ ಮೇಲೆ ಕೆಳಗೆ ಒಬ್ಬ, ಮೇಲೆ ಒಬ್ಬ, ಐದು ನಿಮಿಷ ಯಾರೂ ಅಲುಗದೆ ಇದ್ದರೆ ಹಲಗಿಯೂ ಸಣ್ಣ ಕಡ್ಡಿಯಲ್ಲಿ ಸುಮ್ಮನೆ ಚಿಟಿಚಿಟಿ ಅನ್ನುತ್ತಿರುತ್ತದೆ. ಕೆಳಗಿನವನು ಸೊಂಟ ಎತ್ತಿದನೋ, ಪೆಟ್ಟು ಜೋರು. ನಮಗೆ ಪಟ್ಟು ತಿಳಿಯದಿದ್ದರೂ ಹಲಗಿ ಕೇಳಿ ಏನೋ ಆಗುತ್ತಿದೆ ಅಂತ ತಿಳಿಯುತ್ತಿತ್ತು. ಕುಸ್ತಿ ಬಲ್ಲವನಿಗೆ ಮಾತ್ರ ಹಾಗೆ ಬಾರಿಸಲು ಬರುತ್ತದೆ.

ಒಮ್ಮೆ, ನಾನು ಆರನೇ ಕ್ಲಾಸಿನಲ್ಲಿದ್ದೆ, ಒಬ್ಬ ಪೈಲ್ವಾನನ ತೋಳು ಅಡ್ಡ ಸಿಕ್ಕಿಕೊಂಡಿತು. ಸುತ್ತ ಕೂತವರೆಲ್ಲ ಇನ್ನೂ ಹೋ ಅನ್ನುತ್ತಿದ್ದರು, ಪಂಚರೂ ನೋಡಿರಲಿಲ್ಲ. ಹಲಗಿ ಪಟ್ಟನೆ ನಿಂತಿತು. ಅದು ನಿಂತದ್ದಕ್ಕೇ ಜನ ಸುಮ್ಮನಾದರು, ಸುಮ್ಮನಾದ ಮೇಲೆ ಪೈಲ್ವಾನ ಅಳುವುದು ಕೇಳಿಸಿತು. ಅಷ್ಟು ದೊಡ್ಡ ಆಳು ಅವ್ವಾ ಅವ್ವಾ ಅಂತ ಅಳುತ್ತಿದ್ದ.

ಇಲ್ಲಿಗೆ ನಿಲ್ಲಿಸಿ 'ಹಳ್ಳಿಯ ಹಲಗಿ ಒಳ್ಳೇದು, ಪೇಟೆಯ ಡಿಜೆ ಕೆಟ್ಟದ್ದು' ಅಂತ ಬರೆದುಬಿಟ್ಟರೆ ಲೈಕ್ ಬರುತ್ತವೆ. ಆದರೆ ನಾನು ಹೇಳದೆ ಬಿಟ್ಟ ಸಂಗತಿ ಇದೆ. ನಮ್ಮ ಕಡೆಯ ಊರುಗಳಲ್ಲಿ ಹಲಗಿ ಬಾರಿಸೋದು ಮಾದಿಗ ಸಮುದಾಯದವರ ತಲೆಗೆ ಕಟ್ಟಿದ ಕೆಲಸ. ಕಣದ ಅಂಚಿನಲ್ಲಿ ನಿಂತು ಇಡೀ ಕುಸ್ತಿ ನಡೆಸಿದವರು ಅವರು, ಬೆಳ್ಳಿ ಕಡಗ ಗೆದ್ದವನಿಗೆ. ಊಟ ಕೊನೆಗೆ, ಬೇರೆ ಸಾಲು. ನಮ್ಮಪ್ಪನಿಗಿಂತ ಹಿರಿಯರಾದ ಆ ಹಲಗಿಯವರನ್ನು ಆರನೇ ಕ್ಲಾಸಿನ ನಾನು 'ಏ, ಬಾರಸೋ' ಅಂತ ಕೂಗಿದ್ದಿದೆ. ಅವರ ಕಣ್ಣು ಅಷ್ಟು ಚುರುಕಾಗಿದ್ದದ್ದು ಕಲೆಗಾಗಿ ಮಾತ್ರವೋ, ಹೆಚ್ಚುಕಡಿಮೆ ಆದರೆ ಮೊದಲು ಬೈಗುಳ ತಿನ್ನೋದು ತಾವೇ ಅಂತ ಗೊತ್ತಿದ್ದುದಕ್ಕೋ? ಇನ್ನೊಂದು ಮಾತು, ನಮ್ಮ ಮನೆಯ ಹೆಣ್ಣುಮಕ್ಕಳು ಒಬ್ಬರೂ ಕುಸ್ತಿ ನೋಡಲು ಬಂದದ್ದು ನನಗೆ ನೆನಪಿಲ್ಲ.

ಸ್ಟೇಡಿಯಮ್ಮಿನ ಸ್ಪೀಕರಿಗೆ ಆ ಕಟ್ಟುಪಾಡು ಇಲ್ಲ. 2024ರ ಮಾರ್ಚ್ 17ರಂದು ನಮ್ಮ ಹೆಣ್ಣುಮಕ್ಕಳ ತಂಡ ಡಬ್ಲ್ಯೂಪಿಎಲ್ ಗೆದ್ದಿತು, ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು 4 ವಿಕೆಟ್ ತೆಗೆದಳು. ಎರಡೇ ದಿನಕ್ಕೆ ಚಿನ್ನಸ್ವಾಮಿಯಲ್ಲಿ ಅನ್‌ಬಾಕ್ಸ್ ಕಾರ್ಯಕ್ರಮ. ಗಂಡಸರ ತಂಡ ಎರಡು ಸಾಲಿನಲ್ಲಿ ನಿಂತು ಅವರಿಗೆ ಗೌರವ ಕೊಟ್ಟಿತು. ರಘು ದೀಕ್ಷಿತ್ ಇದ್ದರು, ನಾರ್ವೆಯ ಅಲನ್ ವಾಕರ್ ಇದ್ದ. ನಾನು ಅಲ್ಲಿದ್ದೆ. ನನ್ನ ಟೀಮಿನ ಒಡಿಶಾದ ಹುಡುಗಿ, ಲಖನೌದ ಹುಡುಗ, ಎಲ್ಲ ಒಟ್ಟಿಗೆ ಕುಣಿದೆವು. ಐದು ವರ್ಷ ಬೆಂಗಳೂರಲ್ಲಿದ್ದು ಅವರು ಕಲಿತ ಒಂದೇ ಒಂದು ಪೂರ್ಣ ಕನ್ನಡ ವಾಕ್ಯ 'ಈ ಸಲ ಕಪ್ ನಮ್ದೇ'. ಸ್ಮೃತಿ ಮಂಧಾನ ಗೆದ್ದ ಮೇಲೆ ಅದನ್ನು 'ನಮ್ದು' ಅಂತ ತಿದ್ದಿದಳಲ್ಲ, ಇಬ್ಬರೂ ನನ್ನ ಹತ್ತಿರ ಬಂದು ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದರು. ಒಂದು ಏಕಾರಕ್ಕಾಗಿ ಕಾಫಿ ಮಷೀನಿನ ಮುಂದೆ ಹದಿನೈದು ನಿಮಿಷ ವ್ಯಾಕರಣ ಪಾಠ ಮಾಡಿದೆ. ನಮ್ಮೂರಲ್ಲಿ ಎರಡೂ ಅಲ್ಲ, 'ನಮ್ದ' ಅಂತಾರೆ ಅಂತಲೂ ಸೇರಿಸಿದೆ. ಆ 'ನಮ್ದು' ಸುಳ್ಳಾಗಿರಲಿಲ್ಲ. ಫ್ರಾಂಚೈಸಿ ಯಾರದೋ, ಆಟಗಾರರು ಎಲ್ಲಿಯವರೋ, ಹಾಡು ಮಾರ್ಕೆಟಿಂಗಿನವರದ್ದೋ, ಇರಲಿ. ಖುಷಿ ಮಾರಾಟದ್ದು ಅಂದ ಮಾತ್ರಕ್ಕೆ ಖೋಟಾ ಅಂತ ಆಗೋದಿಲ್ಲ. ನಮ್ಮ ಮದುವೆಯ ಬ್ಯಾಂಡಿಗೂ ದುಡ್ಡು ಕೊಟ್ಟೇ ಕರೆಸೋದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಸದ್ದು ಯಾರ ಕಡೆ ನೋಡುತ್ತಿದೆ ಅನ್ನೋದರಲ್ಲಿ, ಅಂತ ನನಗೆ ಅನ್ನಿಸುತ್ತದೆ. ಐಪಿಎಲ್‌ನ ಆ ತುತ್ತೂರಿ ಟ್ಯೂನ್ ಇದೆಯಲ್ಲ, ಅದು ಮುಗಿಯುತ್ತಿದ್ದಂತೆ ನಾವೆಲ್ಲ ಕೂಗುತ್ತೇವಲ್ಲ, ಅದು ಸ್ಪೇನಿನ 'ಎನ್ ಎರ್ ಮುಂಡೊ' ಅನ್ನೋ ಪಾಸೊಡೊಬ್ಲೆಯಿಂದ ಬಂದದ್ದು. ಪಾಸೊಡೊಬ್ಲೆ ಗೂಳಿ ಕಾಳಗದ ಬ್ಯಾಂಡು ನುಡಿಸುವ ಸಂಗೀತ. ಆ ಆಟ ನನಗೆ ಹಿಡಿಸೋದಿಲ್ಲ, ಆದರೆ ಅದರ ಬ್ಯಾಂಡಿನ ಪದ್ಧತಿ ಓದಿ ನಮ್ಮ ಹಲಗಿ ನೆನಪಾಯಿತು: ಆಡುವವನು ಚೆನ್ನಾಗಿ ಆಡಿದರೆ ಮಾತ್ರ ನುಡಿಸುತ್ತಾರೆ, ಕೈಯಿಂದ ಬಟ್ಟೆ ಜಾರಿತೋ, ನಿಲ್ಲಿಸುತ್ತಾರೆ. ಮ್ಯಾಡ್ರಿಡ್ಡಿನ ದೊಡ್ಡ ಕಣದಲ್ಲಂತೂ ಆ ಕೊನೆಯ ಆಟ ನಡೆಯುವಾಗ ನುಡಿಸೋದೇ ಇಲ್ಲ. ಅದೇ ಟ್ಯೂನು ನಮ್ಮಲ್ಲಿಗೆ ಬಂದ ಮೇಲೆ ಆಟ ನೋಡೋದನ್ನು ಬಿಟ್ಟಿತು. ಈಗ ಓವರ್ ಮುಗಿದರೆ ಹಾಡು, ಟೈಮ್‌ಔಟ್ ಆದರೆ ಹಾಡು, ನಮ್ಮ ಟೀಮ್ ಸೋಲುತ್ತಿದ್ದರೂ ಹಾಡು. 2020ರಲ್ಲಿ ಕೊರೋನಾ ಅಂತ ಯುಎಇಯಲ್ಲಿ ಖಾಲಿ ಸ್ಟೇಡಿಯಮ್ಮುಗಳಲ್ಲಿ ಆಡಿಸಿದಾಗ ರೆಕಾರ್ಡ್ ಮಾಡಿದ ಜನರ ಕೂಗನ್ನೂ ಹಾಕಿದರು. ಮನೆಯಲ್ಲಿ ಕೂತು ನಾನು ಅದಕ್ಕೂ ರೋಮಾಂಚನಗೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಒಂದು ವಿಷಯ ಬಯಲಾಗಿತ್ತು. ಆ ಸದ್ದಿಗೆ ನಾವು ಇರಲೇಬೇಕು ಅಂತೇನೂ ಇರಲಿಲ್ಲ.

ಡಿಜೆಯನ್ನು ದೂರಿ ಪ್ರಯೋಜನವಿಲ್ಲ. ಐನೂರು ಜನರ ಕಣದ ಅಂಚಿನಲ್ಲಿ ನಿಂತವರಿಗೆ ಒಂದು ತೋಳು ಕಾಣುತ್ತದೆ. ಮೂವತ್ತೈದು ಸಾವಿರ ಜನರ ನಡುವೆ ಯಾರಿಗೆ ಏನು ಕಾಣಬೇಕು? ಅದೂ ಅಲ್ಲದೆ, ಜೂನ್ 3ರ ರಾತ್ರಿ ನಾನೂ ಡಿಜೆಯೇ ಆಗಿದ್ದೆ. ನನ್ನ ಕಣ ಎಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಯಾರನ್ನೂ ನೋಡದೆ ಬಾರಿಸಿದೆ.

ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಾಲ್ಯದ ಕಥೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತು. ಬೀದಿಯಲ್ಲಿ ಮೆರವಣಿಗೆ ಹೊರಟಿತು ಅಂದರೆ ಹುಡುಗ ವಾದ್ಯದ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ, ಸುಸ್ತಾಗಿ ಎಲ್ಲೋ ನಿದ್ದೆ ಹೋಗುತ್ತಿದ್ದ, ಮನೆಯವರು ಪೊಲೀಸರ ತನಕ ಹೋಗಬೇಕಾಗುತ್ತಿತ್ತು. ಕೊನೆಗೆ ಬೇಸತ್ತ ತಂದೆ ಅಂಗಿಯ ಮೇಲೆಯೇ ಜೋಶಿ ಮಾಸ್ತರರ ಮಗ ಅಂತ ಬರೆಸಿದರಂತೆ. ಸಿಕ್ಕವರು ಮನೆಗೆ ತಂದು ಬಿಡಲಿ ಅಂತ. ಇದನ್ನು ನಾನು ಸಣ್ಣವನಿದ್ದಾಗ ನಗುತ್ತಾ ಕೇಳಿದ್ದೆ. ಜೂನ್ 4ರ ರಾತ್ರಿ ತಮ್ಮ ಸ್ನಾನಕ್ಕೆ ಹೋದಾಗ ಕುರ್ಚಿಯ ಮೇಲೆ ಆ ಜೆರ್ಸಿ ಬಿದ್ದಿತ್ತು, ಅವತ್ತು ನೆನಪಾಯಿತು. ಹುಡುಗನ ಜೇಬಿನಲ್ಲಿ ಆಧಾರ್ ಕಾರ್ಡೂ ಇರಲಿಲ್ಲ, ಫೋನು ಸತ್ತಿತ್ತು. ಬೆನ್ನ ಮೇಲಿದ್ದ ಹೆಸರು ವಿರಾಟನದು. ಅವನಿಗೆ ಏನಾದರೂ ಆಗಿದ್ದರೆ ಯಾರ ಮಗ ಅಂತ ಹುಡುಕಬೇಕಿತ್ತು?

ಕಳೆದ ಸಲ ಊರಿಗೆ ಹೋದಾಗ ಕುಸ್ತಿ ಇತ್ತು. ಹಲಗಿ ಇರಲಿಲ್ಲ, ಟ್ರ್ಯಾಕ್ಟರ್ ಟ್ರೇಲರ್ ತುಂಬ ಡಿಜೆ ಸೆಟ್. ನಡೆಸುತ್ತಿದ್ದವನು ಆ ಹಲಗಿ ಹಿರಿಯರ ಮೊಮ್ಮಗ. ಹಿರಿಯರು ತೀರಿಕೊಂಡು ನಾಕು ವರ್ಷ ಆಯಿತಂತೆ, ನನಗೆ ಗೊತ್ತಿರಲಿಲ್ಲ. ಮಧ್ಯೆ ಬಿಡುವು ಸಿಕ್ಕಾಗ ಚಾ ಕುಡಿಯುತ್ತಾ ಕೇಳಿದೆ, ಬಾರಿಸುವಾಗ ಕುಸ್ತಿ ನೋಡ್ತೀಯೇನು ಅಂತ.

"ಕುಸ್ತಿ ಎಲ್ಲಿ ನೋಡೂದ್ರಿ ಅಣ್ಣಾರ, ಲ್ಯಾಪ್‌ಟಾಪ್ ನೋಡ್ತೀನಿ. ಮುಂದಿನ ಹಾಡ ರೆಡಿ ಇಡಬೇಕಲ್ರಿ."

ನಾನು ಅವನ ಅಜ್ಜ ಹಲಗಿ ನಿಲ್ಲಿಸಿದ ಆ ಕುಸ್ತಿಯ ಕಥೆ ಹೇಳಿದೆ. ಸ್ವಲ್ಪ ಭಾವುಕನಾಗಿಯೇ ಹೇಳಿದೆ ಅನ್ನಿ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಈಗ ನನಗ ಎಲ್ಲಾರೂ ಡಿಜೆ ಅಣ್ಣಾ ಅಂತಾರ್ರಿ. ಅಡ್ವಾನ್ಸ್ ಕೊಟ್ಟ ಕರೀತಾರ. ಮುತ್ಯಾಗ ನೀವು ಏನಂತ ಕರೀತಿದ್ರಿ?" ಅಂದ.

ಸಿಟ್ಟಿನಿಂದ ಕೇಳಿದ್ದಲ್ಲ. ನನಗೆ ಉತ್ತರ ಇರಲಿಲ್ಲ, ಚಾದ ಕಪ್ಪು ಎಸೆಯುವ ನೆಪ ಮಾಡಿ ಎದ್ದೆ. ಬೆನ್ನ ಹಿಂದೆ ಹಾಡು ಶುರುವಾಯಿತು.

ರೀಲನ್ನು ಜೂನ್ 5ರ ಬೆಳಗ್ಗೆಯೇ ತೆಗೆದುಹಾಕಿದ್ದೆ. ಅದರ ಕೆಳಗೆ ನನಗೆ ಪರಿಚಯ ಇಲ್ಲದ ಇಬ್ಬರು 'ಬರ್ತೀವಿ ಬ್ರೋ' ಅಂತ ಬರೆದಿದ್ದರು. ತೆಗೆಯುವ ಮೊದಲು ಇಬ್ಬರ ಹೆಸರನ್ನೂ ಬರೆದಿಟ್ಟುಕೊಂಡೆ. ಒಬ್ಬನಿಗೆ ಮೆಸೇಜ್ ಮಾಡಿದೆ. ಆರಾಮಿದ್ದೀನಿ, ಯಾಕೆ ಅಂತ ಕೇಳಿದ. ಇನ್ನೊಬ್ಬನ ಅಕೌಂಟ್ ಪ್ರೈವೇಟ್. ರಿಕ್ವೆಸ್ಟ್ ಕಳಿಸಿದ್ದೇನೆ, ಇನ್ನೂ ಒಪ್ಪಿಕೊಂಡಿಲ್ಲ.